ಊರು ಬಿಡದೆಯೇ ಹೊರನಾಡಿಗರಾದವರು

ಹೊರನಾಡ ಕನ್ನಡ ಸಾಹಿತಿ ಅಂದರೆ ನಮಗೆ ತಕ್ಷಣ ನೆನಪಾಗುವುದು ಮುಂಬಯಿ, ಇಲ್ಲವೇ ಅಮೆರಿಕ. ಆದರೆ ಹುಟ್ಟಿದ ಊರಲ್ಲೇ ಇದ್ದು ಹೊರನಾಡಿಗರಾದವರೂ ಇದ್ದಾರಲ್ಲವೇ? ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ (1915-2015) ಅಂಥವರು. 1956ರಲ್ಲಿ ಅವರ ಊರು ಕೇರಳಕ್ಕೆ ಸೇರಿತು. ಅವರ ಆತ್ಮಕಥೆಯ ಹೆಸರು 'ದುಡಿತವೇ ನನ್ನ ದೇವರು'. ಕವಿ, ಕೃಷಿಕ, ಹೋರಾಟಗಾರ ಎಲ್ಲವೂ ಹೌದು. ಜೊತೆಗೆ ನಮ್ಮ ಹಾಗೆ ಒಬ್ಬ ಮೇಷ್ಟ್ರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳಿದವರು.

ನಮ್ಮ ಕಥೆ ಸ್ವಲ್ಪ ಬೇರೆ. ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು ಕಡೆಯ ಕನ್ನಡಿಗರು 1956ರ ನಂತರವೂ ಅಲ್ಲೇ ಉಳಿದರು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದರು, 2004ರಲ್ಲಿ ಕೃಷ್ಣಗಿರಿಯವರು. ಜಿಲ್ಲೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ.

ಆದರೆ 2006ರ ಕಾಯ್ದೆಯಿಂದ ತಮಿಳು ಕಲಿಕೆ ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾದ ಮೇಲೆ ಪೋಷಕರ ಪ್ರಶ್ನೆ ಒಂದೇ: "ಇನ್ನು ಕನ್ನಡ ಯಾಕೆ ಸಾರ್?"

ಇದಕ್ಕೆ ತಮಿಳನ್ನು ಬೈಯುವುದು ಉತ್ತರವಲ್ಲ ಎಂದು ನನ್ನ ಅಭಿಪ್ರಾಯ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕಯ್ಯಾರರೇ ಮಲಯಾಳದ ಕುಮಾರನ್ ಆಶಾನರ ಕವಿತೆಗಳನ್ನು ಕನ್ನಡಕ್ಕೆ ತಂದರು. ಮೈಸೂರಿನಲ್ಲಿ ತಮಿಳು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿದ್ದು ಕನ್ನಡದಲ್ಲಿ ಕವಿತೆ ಬರೆದರು, ಸಂಗಂ ಕವಿತೆಗಳನ್ನೂ ವಚನಗಳನ್ನೂ ಇಂಗ್ಲಿಷಿಗೆ ಕೊಂಡೊಯ್ದರು. ಅವರಿಗೆ ಇನ್ನೊಂದು ಭಾಷೆ ಹೊರೆಯಾಗಲಿಲ್ಲ, ಆಸ್ತಿಯಾಯಿತು.

ನಾವು ಸೋತಿರುವುದು ಬೇರೆ ಕಡೆ. ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯುವುದು ಪರೀಕ್ಷೆಗೆ ಮಾತ್ರ. ಮನೆಯ ಮಾತು ಬಾಯಿಗೆ ಬಂದರೆ "ಇದು ತಮಿಳು ಬೆರೆತ ಕನ್ನಡ" ಎಂದು ತಿದ್ದುವವರು ನಾವೇ! ನಾನೂ ಎಷ್ಟೋ ವರ್ಷ ಕೆಂಪು ಶಾಯಿಯಲ್ಲಿ ಹಾಗೇ ಹೊಡೆದುಹಾಕಿದ್ದೇನೆ. ಕೊನೆಗೆ ಮಕ್ಕಳು ಬರೆಯುವುದನ್ನೇ ಬಿಟ್ಟರು. ತಪ್ಪು ನನ್ನದೇ.

ಈಗ ಬೇರೆ ದಾರಿ ಹಿಡಿದಿದ್ದೇನೆ. ಬಸ್ಸಿನ ಬೋರ್ಡಿನಲ್ಲಿ ತಮಿಳಿನಲ್ಲಿ 'ಒಗೇನಕ್ಕಲ್' ಎಂದಿರುತ್ತದೆ. ಅದು ನಮ್ಮ 'ಹೊಗೆ'ಯ 'ಕಲ್ಲು' ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಮರುದಿನ ಅವರೇ ನಾಲ್ಕು ಪದ ಹುಡುಕಿ ತರುತ್ತಾರೆ.

ಸ್ನೇಹಿತರೇ, ಪ್ರತಿ ಶಾಲೆಯಲ್ಲೂ ಒಂದು ಕೈಬರಹದ ಪತ್ರಿಕೆ ಶುರುಮಾಡೋಣ. ಅಜ್ಜಿ ಹೇಳಿದ ಕಥೆ ಒಂದು, ಪಕ್ಕದ ಮನೆಯ ತಮಿಳು ಕಥೆಯ ಅನುವಾದ ಒಂದು. ಖರ್ಚು ಒಂದು ನೋಟ್‌ಬುಕ್ ಅಷ್ಟೇ. ಗಡಿಯಾಚೆಯ ಬದುಕನ್ನು ಬೆಂಗಳೂರಿನವರು ಬಂದು ಬರೆಯುವುದಿಲ್ಲ. ನಮ್ಮ ಮಕ್ಕಳೇ ಬರೆಯಬೇಕು. ಏನಂತೀರಿ?