ಒಂದು ಗುಟುಕಿನ ಲೆಕ್ಕ

2025ರ ಫೆಬ್ರವರಿ ತಿಂಗಳು. ಮುದಗಲ್‌ನಲ್ಲಿ ಕೋಟೆಯ ಹತ್ತಿರದ ಓಣಿಯೊಂದರಲ್ಲಿ ನಮ್ಮ ಸಂಬಂಧಿಕರ ಹುಡುಗಿಯ ಮಂಗ್ನಿ ನಡೆದಿತ್ತು. ಹೆಂಗಸರ ಕಡೆ ಜಮಖಾನೆ ಹಾಸಿತ್ತು. ಮನೆಯ ಸೊಸೆ ತಟ್ಟೆಯ ತುಂಬ ಕೆಂಪು ಶರಬತ್ತಿನ ಗ್ಲಾಸುಗಳನ್ನು ಇಟ್ಟುಕೊಂಡು ಬಂದಳು. ನನ್ನ ಖಾಲಾನ ಮಗಳು, ನಾವೆಲ್ಲ ಆಪಾ ಎಂದೇ ಕರೆಯುವವರು, ನನ್ನ ಪಕ್ಕದಲ್ಲಿ ಕುಳಿತಿದ್ದರು. "ನನಗೆ ಬೇಡಮ್ಮಾ" ಎಂದರು. "ನಮ್ಮ ಮನೆಯ ಖುಷಿಗೆ ಒಂದು ಗ್ಲಾಸೂ ಬೇಡವೇ ಆಪಾ?" ಎಂದು ಹುಡುಗಿಯ ತಾಯಿ ಮುಖ ಸಣ್ಣದು ಮಾಡಿದರು. ಆಪಾ ಗ್ಲಾಸು ತೆಗೆದುಕೊಂಡರು. ಅರ್ಧ ಬಿಟ್ಟರೆ ಚೆನ್ನಾಗಿರದು ಎಂದು ಪೂರ್ತಿ ಕುಡಿದರು.

ಕಾಲು ಗಂಟೆ ಕಳೆದಿರಬೇಕು. ಆಪಾರ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಎದೆ ಡವಡವ ಹೊಡೆದುಕೊಳ್ಳುತ್ತಿದೆ ಎಂದರು. ಹೊಟ್ಟೆ ಹಿಡಿದುಕೊಂಡು ಬಗ್ಗಿದರು. "ನಜರ್ ತಾಗಿದೆ" ಎಂದು ಒಬ್ಬರು ಉಪ್ಪು, ಮೆಣಸಿನಕಾಯಿ ತರಲು ಎದ್ದರು. "ಸುಸ್ತಾಗಿದ್ದಾಳೆ, ಇನ್ನೊಂದು ಗ್ಲಾಸು ಶರಬತ್ತು ಕುಡಿಸಿ" ಎಂದು ಇನ್ನೊಬ್ಬರು ಗ್ಲಾಸು ಹಿಡಿದೇಬಿಟ್ಟರು. ನಾನು ಆ ಗ್ಲಾಸನ್ನು ಹಿಂದಕ್ಕೆ ಕಳುಹಿಸಿ ಆಪಾರನ್ನು ಒಳಕೋಣೆಯಲ್ಲಿ ಮಲಗಿಸಿದೆ. ಅಲ್‌ಹಮ್ದುಲಿಲ್ಲಾಹ್, ಒಂದು ಗಂಟೆಯಲ್ಲಿ ಚೇತರಿಸಿಕೊಂಡರು. ಆದರೆ ಅಷ್ಟು ಹೊತ್ತಿಗೆ ಮನೆಯಲ್ಲಿ ಪಿಸುಮಾತು ಎದ್ದಿತ್ತು: "ತೆಳ್ಳಗಾಗಲು ಹೊಟ್ಟೆ ಕೊಯ್ಯಿಸಿಕೊಂಡಿದ್ದಾಳಂತೆ!"

ಹೌದು, ಕೊಯ್ಯಿಸಿಕೊಂಡಿದ್ದರು. ಆದರೆ ತೆಳ್ಳಗೆ ಕಾಣಲಿಕ್ಕಲ್ಲ. ಆಪಾರಿಗೆ ವಯಸ್ಸು ನಲವತ್ತೆಂಟು, ತೂಕ 108 ಕಿಲೋ, ಹತ್ತು ವರ್ಷದ ಸಕ್ಕರೆ ಕಾಯಿಲೆ. ಮಂಡಿ ಎಷ್ಟು ಸವೆದಿತ್ತೆಂದರೆ ಸಜ್ದಾ ಮಾಡಲಾಗದೆ ಎರಡು ವರ್ಷದಿಂದ ಕುರ್ಚಿಯ ಮೇಲೆ ಕುಳಿತು ನಮಾಜು. 2024ರ ಡಿಸೆಂಬರಿನಲ್ಲಿ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೆ ಹೊರಟಾಗ ಮನೆಯವರೆಲ್ಲ ಹೆದರಿದ್ದರು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ ಎಲ್ಲರ ಮನಸ್ಸಿನಲ್ಲಿತ್ತು. ಅದು ಚರ್ಮದ ಕೆಳಗಿನ ಕೊಬ್ಬನ್ನು ಹೊರತೆಗೆಯುವ ಕೆಲಸ. ಆಪಾರಿಗೆ ಮಾಡಿದ್ದು ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವೊಂದನ್ನು ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇನ್ನೊಂದು ಬಗೆಯಲ್ಲಿ, ಸ್ಲೀವ್ ಎನ್ನುತ್ತಾರೆ, ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಉದ್ದನೆಯ ಕೊಳವೆಯಷ್ಟನ್ನು ಉಳಿಸುತ್ತಾರೆ. ಎರಡೂ ದೊಡ್ಡ ಶಸ್ತ್ರಚಿಕಿತ್ಸೆಗಳೇ. ಯಾರಿಗೆ ಯಾವುದು, ಯಾರಿಗೆ ಎರಡೂ ಬೇಡ ಎಂಬುದನ್ನು ತಜ್ಞರೇ ಹೇಳಬೇಕು.

ಶರಬತ್ತು ಮಾಡಿದ ಅನಾಹುತಕ್ಕೆ ಕಾರಣ ಇಲ್ಲಿದೆ. ಜಠರದ ಕೆಳಗೆ ಒಂದು ಬಾಗಿಲಿರುತ್ತದೆ. ನಾವು ತಿಂದದ್ದನ್ನು, ಕುಡಿದದ್ದನ್ನು ಅದು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಬೈಪಾಸ್ ಆದವರಲ್ಲಿ ಆಹಾರ ಆ ಬಾಗಿಲಿನ ದಾರಿಯಲ್ಲಿ ಹೋಗುವುದೇ ಇಲ್ಲ. ಸಕ್ಕರೆ ಪಾಕ ಒಂದೇ ಸಲಕ್ಕೆ ಕರುಳಿಗೆ ಸುರಿದರೆ, ಅದನ್ನು ತೆಳುಗೊಳಿಸಲು ರಕ್ತದೊಳಗಿನ ನೀರು ಕರುಳಿಗೆ ನುಗ್ಗುತ್ತದೆ. ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ, ತಲೆಸುತ್ತು ಎಲ್ಲ ಅದರಿಂದ. ಡಾಕ್ಟರರು ಇದನ್ನು ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ತೀರಾ ಇಳಿದು ಮತ್ತೊಮ್ಮೆ ಸುಸ್ತು ಬರುವುದೂ ಉಂಟು. ಆ ಹೊತ್ತಿಗೆ ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಆಪಾರ ಕೈಗೆ ಒಂದು ಹಾಳೆ ಕೊಟ್ಟಿದ್ದರು. ಎಲ್ಲ ಇಂಗ್ಲಿಷಿನಲ್ಲಿ. "ನೀನು ಬಿ.ಎ. ಓದಿದವಳು, ಇದನ್ನು ನಮ್ಮ ಮನೆಯ ಭಾಷೆಗೆ ತಾ" ಎಂದು ನನ್ನ ಮುಂದೆ ಇಟ್ಟರು. ನಾನು ಮದ್ರಸದಲ್ಲಿ ಕಲಿತದ್ದು, ಕಾಲೇಜಿನಲ್ಲಿ ಓದಿದ್ದು ಎರಡೂ ಆ ಹಾಳೆಯ ಮುಂದೆ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲವೆನ್ನಿ. ಶಬ್ದಗಳು ಅರ್ಥವಾಗುತ್ತಿದ್ದವು, ಅಡುಗೆಮನೆ ನಮ್ಮದಾಗಿರಲಿಲ್ಲ. ಕ್ಲಿಯರ್ ಬ್ರಾತ್, ಶುಗರ್ ಫ್ರೀ ಜೆಲ್ಲಿ, ಐಸ್ ಚಿಪ್ಸ್, ಕೆಫೀನ್ ಇಲ್ಲದ ಕಾಫಿ. ಮುದಗಲ್ ಬಜಾರಿನಲ್ಲಿ ಇವುಗಳನ್ನು ಎಲ್ಲಿ ಹುಡುಕುವುದು? ಆಸ್ಪತ್ರೆಯ ಆಹಾರ ತಜ್ಞೆಗೆ ಫೋನು ಹಚ್ಚಿ, ಒಂದೊಂದಕ್ಕೂ ನಮ್ಮಲ್ಲಿ ಏನಿದೆ ಎಂದು ಕೇಳುತ್ತ ಹೋದೆವು. ಆಕೆ ಬೇಸರವಿಲ್ಲದೆ ಹೇಳಿದರು.

ಮೊದಲ ದಿನಗಳಲ್ಲಿ ಆರುಪಾರು ಕಾಣುವಂತಹ ತಿಳಿ ದ್ರವ ಮಾತ್ರ. ಕುದಿಸಿ ಆರಿಸಿದ ನೀರು, ಬಟ್ಟೆಯಲ್ಲಿ ಸೋಸಿದ ಬೇಳೆಕಟ್ಟು, ಮಸಾಲೆ ಹಾಕದ ಯಖ್ನಿ. ಯಖ್ನಿಯನ್ನು ಆರಲು ಬಿಟ್ಟು, ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನೆಲ್ಲ ಚಮಚದಿಂದ ತೆಗೆದು ಮತ್ತೆ ಸೋಸಬೇಕು. ಜೆಲ್ಲಿಯ ವಿಷಯದಲ್ಲಿ ನಾನು ತಡೆದೆ. ಸಾಮಾನ್ಯ ಜೆಲ್ಲಿಗೆ ಹಾಕುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ತಯಾರಾಗುತ್ತದೆ, ಯಾವ ಪ್ರಾಣಿ ಎಂದು ಗೊತ್ತಾಗುವುದಿಲ್ಲ. ಆಗ ಆಪಾರ ಅತ್ತೆಯೇ, "ನಮ್ಮ ಚೈನಾ ಗ್ರಾಸ್ ಇಲ್ಲವೇ?" ಎಂದರು. ರಮಝಾನಿನಲ್ಲಿ ಹಾಲು ಹಾಕಿ ಮಾಡುವ ಅದೇ ಚೈನಾ ಗ್ರಾಸ್. ಅದು ಸಮುದ್ರದ ಪಾಚಿಯಿಂದ ಬರುವಂಥದ್ದು. ಹಾಲು, ಸಕ್ಕರೆ ಇಲ್ಲದೆ ನಿಂಬೆರಸದ ಎರಡು ಹನಿ ಹಾಕಿ ಮಾಡಿದೆವು. ರುಚಿಯೇನೂ ಇರಲಿಲ್ಲ, ನಿಜ ಹೇಳಬೇಕಲ್ಲ. ವಿಟಮಿನ್ನಿನ ಕ್ಯಾಪ್ಸೂಲುಗಳ ಹೊದಿಕೆಯೂ ಎಷ್ಟೋ ಸಲ ಜೆಲಟಿನ್ನಿನದೇ. ಔಷಧಿ ಅಂಗಡಿಯವರನ್ನು ಕೇಳಿದರೆ ಮಾತ್ರೆಯ ರೂಪದ್ದನ್ನು ಕೊಡುತ್ತಾರೆ.

ಏನು ಕುಡಿಯುವುದು ಎಂಬುದಕ್ಕಿಂತ ಎಷ್ಟು, ಹೇಗೆ ಕುಡಿಯುವುದು ಎಂಬುದೇ ಕಷ್ಟದ್ದಾಯಿತು. ಹಾಳೆಯಲ್ಲಿ ಕಾಲು ಗಂಟೆಗೊಮ್ಮೆ 30 ಮಿಲಿಲೀಟರ್ ಎಂದಿತ್ತು. ಕೆಮ್ಮಿನ ಔಷಧಿಯ ಬಾಟಲಿಗೆ ಬರುವ ಅಳತೆಯ ಮುಚ್ಚಳವನ್ನು ತೊಳೆದು ಇಟ್ಟುಕೊಂಡೆವು. 10 ಮಿಲಿಲೀಟರಿನ ಗೆರೆಗೆ ಮೂರು ಮುಚ್ಚಳ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಹೊಟ್ಟೆಗೆ ಹೋಗಬೇಕು. ಅಂದರೆ 50 ಸಲ ಕುಡಿಯಬೇಕು, ಹನ್ನೆರಡೂವರೆ ಗಂಟೆ. ಫಜರ್ ನಮಾಜು ಮುಗಿಸಿ ಕುಡಿಯಲು ಕುಳಿತರೆ ಮಗ್ರಿಬ್ ವರೆಗೂ ಅದೇ ಕೆಲಸ! ಬಾಯಾರಿಕೆಯಾದಾಗ ಗಟಗಟ ಕುಡಿದು ತೀರಿಸಿಕೊಳ್ಳುವ ಸುಖ ಇನ್ನಿಲ್ಲ. ಕುಳಿತು, ನಿಧಾನವಾಗಿ, ಉಸಿರು ಬಿಟ್ಟು ಬಿಟ್ಟು ಕುಡಿಯುವ ಸುನ್ನತ್ತನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆಪಾ ನಗುತ್ತ, "ನನಗೆ ಈಗ ಬೇರೆ ದಾರಿಯೇ ಇಲ್ಲ" ಎಂದಿದ್ದರು.

ನೀರಿನ ವಿಷಯಕ್ಕೆ ಬಂದರೆ ನಮ್ಮ ರಾಯಚೂರು ಜಿಲ್ಲೆಯ ಕೊಳವೆಬಾವಿಗಳ ಕಥೆ ಎಲ್ಲರಿಗೂ ಗೊತ್ತು. ಎಷ್ಟೋ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ. ಆಪಾರಿಗೆ ಶುದ್ಧ ನೀರಿನ ಘಟಕದಿಂದಲೇ ಕ್ಯಾನು ತರಿಸಿದೆವು.

ತಿಳಿ ದ್ರವದ ದಿನಗಳು ಕಳೆದ ಮೇಲೆ ಹಾಲು, ತೆಳು ಮಜ್ಜಿಗೆ, ಸೋಸಿದ ಅಂಬಲಿ. ಇಲ್ಲಿ ನಮ್ಮ ಮನೆಗಳ ಒಂದು ದೊಡ್ಡ ತಪ್ಪು ತಿಳುವಳಿಕೆ ಎದುರಾಯಿತು. ಅತ್ತೆ ದಿನಾ ಕಾಲು ಸೂಪು ಮಾಡಿ, "ಇದರಲ್ಲೇ ತಾಕತ್ತಿದೆ, ಕುಡಿ" ಎಂದು ಕಟ್ಟಾಯ ಮಾಡುತ್ತಿದ್ದರು. ಪಕ್ಕದ ಮನೆಯ ಬಸಮ್ಮಕ್ಕ ಎಂದುಕೊಳ್ಳಿ, ಒಳ್ಳೆಯ ಮನಸ್ಸಿನಾಕೆ, ಜ್ವಾಳದ ಅಂಬಲಿ ತಂದು, "ಅಕ್ಕಾರ, ಇದನ್ನ ಕುಡೀರಿ, ಮೈ ತಂಪಾಕ್ಕತಿ" ಎನ್ನುತ್ತಿದ್ದರು. ಸೂಪಿನಲ್ಲಿ ರುಚಿಯಿದೆ, ಉಪ್ಪಿದೆ, ನೀರಿದೆ. ಅಂಬಲಿಯಲ್ಲಿ ಹಿಟ್ಟಿದೆ. ಗಾಯ ಮಾಯಲು, ಕೂದಲು ಉದುರದಿರಲು, ಮಾಂಸಖಂಡ ಕರಗದಿರಲು ಬೇಕಾದದ್ದು ಪ್ರೋಟೀನ್, ಅದೂ ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ. ಸೋಸಿದ ಸೂಪಿನಲ್ಲಿ, ಬೇಳೆಕಟ್ಟಿನಲ್ಲಿ ಅದು ತೀರಾ ಅಲ್ಪ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 3 ಗ್ರಾಂ. 60 ಗ್ರಾಂ ಆಗಬೇಕಾದರೆ ಎರಡು ಲೀಟರ್ ಹಾಲು ಕುಡಿಯಬೇಕು. 30 ಮಿಲಿಲೀಟರ್ ಹಿಡಿಯುವ ಚೀಲಕ್ಕೆ ಅದು ಸಾಧ್ಯವೇ? ಹಾಗಾಗಿಯೇ ಪ್ರೋಟೀನ್ ಪುಡಿ ಬರೆದುಕೊಡುತ್ತಾರೆ. ಡಬ್ಬಿಯ ಮೇಲೆ ಹಸಿರು ಚುಕ್ಕೆಯನ್ನೂ, ಎಷ್ಟು ಸಕ್ಕರೆ ಇದೆ ಎಂಬುದನ್ನೂ ನೋಡಿ ತನ್ನಿ. ಪುಡಿ ದುಬಾರಿ, ಎಲ್ಲರ ಕೈಗೆ ಎಟುಕದು. ಆಪಾರ ಒಂದು ಡಬ್ಬಿ ಮುಗಿದಾಗ ಆಹಾರ ತಜ್ಞೆ ಬೇರೆ ದಾರಿಯನ್ನೂ ಹೇಳಿದರು: ಕೊಬ್ಬು ತೆಗೆದ ಹಾಲಿನ ಪುಡಿಯನ್ನು ಕೆನೆ ತೆಗೆದ ಹಾಲಿಗೇ ಕಲಸಿ ಗಟ್ಟಿ ಮಾಡಿಕೊಳ್ಳುವುದು. ಆ ಪುಡಿಯ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಕೆಲವರಿಗೆ ಈ ಶಸ್ತ್ರಚಿಕಿತ್ಸೆಯ ನಂತರ ಹಾಲು ಒಗ್ಗದೆ ಹೊಟ್ಟೆಯುಬ್ಬರ ಬರುತ್ತದೆ, ಅಂಥವರು ಬೇರೆಯದನ್ನು ಕೇಳಿ ತಿಳಿದುಕೊಳ್ಳಬೇಕು.

ಚಹಾ ಬಿಡುವುದು ಆಪಾರಿಗೆ ಅನ್ನ ಬಿಟ್ಟಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಮೊದಲ ವಾರಗಳಲ್ಲಿ ಚಹಾ, ಕಾಫಿ ಬೇಡ ಎಂದಿದ್ದರು. ನಂತರ ಸಕ್ಕರೆಯಿಲ್ಲದೆ ಸ್ವಲ್ಪ ಕುಡಿಯಬಹುದೆಂದರು. ಆದರೆ ಚಹಾದೊಂದಿಗೆ ಕಬ್ಬಿಣದ ಮಾತ್ರೆ ನುಂಗಿದರೆ ಮಾತ್ರೆಯ ಕಬ್ಬಿಣ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡರ ನಡುವೆ ಅಂತರವಿರಬೇಕು. ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣದ ಮಾತ್ರೆಯ ಜೊತೆ ಬೇಡ. ಈ ಮಾತ್ರೆಗಳು, ಬಿ12 ಎಲ್ಲವೂ ಜೀವನಪೂರ್ತಿ. ತೂಕ ಇಳಿಯಿತೆಂದು ಬಿಡುವಂತಿಲ್ಲ.

ಬಿರಿಯಾನಿಯ ನಂತರದ ಸೋಡಾ, ಕೂಲ್ ಡ್ರಿಂಕ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗ್ಯಾಸು ಆ ಸಣ್ಣ ಚೀಲವನ್ನು ಉಬ್ಬಿಸಿ ನೋಯಿಸುತ್ತದೆ. ಸ್ಟ್ರಾ ಹಾಕಿ ಕುಡಿದರೂ ಗಾಳಿ ಒಳಗೆ ಹೋಗುತ್ತದೆ. ಕಬ್ಬಿನ ಹಾಲು, ಹಣ್ಣಿನ ರಸ ಶರಬತ್ತಿನ ಅಣ್ಣತಮ್ಮಂದಿರೇ. ಎಳನೀರಿನಲ್ಲೂ ಸ್ವಲ್ಪ ಸಕ್ಕರೆ ಇದೆ, ಸ್ವಲ್ಪ ಸ್ವಲ್ಪವಾಗಿ ಕುಡಿಯಬಹುದು ಎಂದರು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕೇಳದೆ ಕುಡಿಯಬಾರದು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಶುರು. ಜ್ವಾಳದ ರೊಟ್ಟಿ ಉಂಡು ಲೋಟ ಎತ್ತುವ ನಮ್ಮ ಕೈಗೆ ಇದು ದೊಡ್ಡ ಶಿಕ್ಷೆ.

ಮನೆಯವರು ನೋಡಿಕೊಳ್ಳಬೇಕಾದದ್ದು ಒಂದಿದೆ. ಮೂತ್ರದ ಬಣ್ಣ ಗಾಢವಾದರೆ, ನಾಲಿಗೆ ಒಣಗಿ ಎದ್ದಾಗ ಕಣ್ಣು ಕತ್ತಲೆ ಬಂದರೆ ನೀರು ಸಾಲುತ್ತಿಲ್ಲ ಎಂದರ್ಥ. ಕುಡಿದದ್ದೆಲ್ಲ ವಾಂತಿಯಾಗಿ ಒಂದೆರಡು ದಿನ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಬಿ1 ಎಂಬ ಜೀವಸತ್ವ ಬೇಗ ಖಾಲಿಯಾಗಿ ನರಗಳಿಗೂ ಮೆದುಳಿಗೂ ಹಾನಿಯಾಗಬಹುದು. ಶಸ್ತ್ರಚಿಕಿತ್ಸೆ ಆಗಿರುವ ವಿಷಯವನ್ನು ಇಲ್ಲಿನ ಡಾಕ್ಟರರಿಗೂ ಮುಚ್ಚಿಡಬಾರದು. ನಾಚಿಕೆಯಿಂದ ಮುಚ್ಚಿಡುವವರಿದ್ದಾರೆ, ಅದಕ್ಕೇ ಹೇಳಿದೆ.

ಮಂಗ್ನಿ ಕಳೆದು ಕೆಲವೇ ದಿನಗಳಿಗೆ, 2025ರ ಮಾರ್ಚಿನಲ್ಲಿ, ರಮಝಾನ್ ಬಂತು. ಶಸ್ತ್ರಚಿಕಿತ್ಸೆಯಾಗಿ ಇನ್ನೂ ಮೂರು ತಿಂಗಳು ತುಂಬುತ್ತಿತ್ತು. ಆಪಾ ಉಪವಾಸ ಹಿಡಿಯಲೇಬೇಕೆಂದು ಹಠ ಹಿಡಿದರು. "ಹೊಟ್ಟೆ ತುಂಬಾ ತಿನ್ನುವುದೇ ಇಲ್ಲ, ನನಗೆ ಉಪವಾಸ ಏನು ಕಷ್ಟ?" ಹಸಿವಿನ ಮಾತಲ್ಲ ಆಪಾ, ನೀರಿನ ಮಾತು ಎಂದೆ. ಇಬ್ಬರೂ ಕಾಗದ ಹಿಡಿದು ಲೆಕ್ಕ ಹಾಕಿದೆವು. ಆ ಹೊತ್ತಿಗೆ ಒಂದು ಸಲಕ್ಕೆ 50 ಮಿಲಿಲೀಟರ್ ಇಳಿಯುತ್ತಿತ್ತು. ಒಂದೂವರೆ ಲೀಟರಿಗೆ 30 ಸಲ, ಏಳೂವರೆ ಗಂಟೆ. ಇಫ್ತಾರ್‌ನಿಂದ ಸಹರಿಯ ಕೊನೆಯವರೆಗೆ ಹತ್ತೂವರೆ, ಹನ್ನೊಂದು ಗಂಟೆ. ಅದರಲ್ಲಿ ಎರಡು ಸಲದ ಊಟ, ಊಟದ ಹಿಂದೆ ಮುಂದೆ ಅರ್ಧರ್ಧ ಗಂಟೆ, ಇಶಾ, ತರಾವೀಹ್. ನಿದ್ರೆಗೆ ಎಲ್ಲೂ ಜಾಗವಿರಲಿಲ್ಲ. ಡಾಕ್ಟರರೂ ಈ ವರ್ಷ ಬೇಡವೆಂದರು. ಸೂರಃ ಅಲ್ ಬಕರಾದಲ್ಲಿ ಉಪವಾಸದ ಆಜ್ಞೆ ಇರುವ ಕಡೆಯಲ್ಲೇ ರೋಗಿಗೆ ರಿಯಾಯಿತಿಯೂ, ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿ ಮಾಡುವ ಅವಕಾಶವೂ ಇದೆ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಮೊದಲ ಸಹರಿಯ ದಿನ ಎಲ್ಲರೂ ಎದ್ದು ತಿನ್ನುವಾಗ ಆಪಾ ಅಡುಗೆಮನೆಯ ಮೂಲೆಯಲ್ಲಿ ಅಳುತ್ತಿದ್ದುದನ್ನು ನೋಡಿದಾಗ ನನ್ನ ಬಾಯಿಂದ ಯಾವ ಪಾಠವೂ ಹೊರಡಲಿಲ್ಲ. ಆ ತಿಂಗಳು ಪೂರ್ತಿ ಮನೆಯವರಿಗೆಲ್ಲ ಸಹರಿಯ ರೊಟ್ಟಿ ಬಡಿದವರು ಅವರೇ.

ಜುಲೈನಲ್ಲಿ ಮೊಹರಂ ಬಂತು. ನಮ್ಮ ಮುದಗಲ್‌ನ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹಿಂದೂಗಳೂ ಮುಸ್ಲಿಮರೂ. ಓಣಿಯ ಹುಡುಗರು ಡ್ರಮ್ಮಿನಲ್ಲಿ ಶರಬತ್ತು ಕಲಸಿ ಬಂದು ಹೋಗುವವರಿಗೆಲ್ಲ ಹಂಚುತ್ತಿದ್ದರು. ಆಪಾ, ಅವರ ಅತ್ತೆ ಮತ್ತು ನಾನು ಬಾಗಿಲಲ್ಲಿ ನಿಂತಿದ್ದೆವು. ಆಪಾರ ಮಂಡಿ ನೋವು ಎಷ್ಟೋ ಕಡಿಮೆಯಾಗಿ, ಅಷ್ಟು ಹೊತ್ತು ನಿಲ್ಲುವಂತಾಗಿದ್ದರು. ಒಬ್ಬ ಹುಡುಗ ಗ್ಲಾಸು ತುಂಬಿ ತಂದು, "ತಗೋರಿ ಖಾಲಾ, ಬೇಡ ಅನ್ನಬಾರದು" ಎಂದ. ಆಪಾ ಏನು ಹೇಳುವುದೆಂದು ತೋಚದೆ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಅತ್ತೆ ಕೈ ಚಾಚಿ, "ಅದನ್ನು ನನಗೆ ಕೊಡು ಬೇಟಾ. ಅವಳದು ಅಳತೆಯ ನೀರು" ಎಂದು ಗ್ಲಾಸು ತೆಗೆದುಕೊಂಡರು.

ಆಪಾ ಸೆರಗಿನ ಮರೆಯಿಂದ ತಮ್ಮ ಬಾಟಲಿ ತೆಗೆದು ಒಂದು ಗುಟುಕು ಕುಡಿದರು. ಅಸರ್ ಅಜಾನ್ ಆಗುತ್ತಿತ್ತು. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.