ಎರಡು ಒಲೆ, ಒಂದು ಟಿಕೆಟ್ಟು

ಹೋದ ತಿಂಗಳು ಬರೆಯುವಾಗ "ನಮ್ಮನೆ ಪೆಲೆಟ್ ಒಲೆ ಮುಂದೆ ಕೂತು" ಅಂತ ಒಂದು ಮಾತು ಹಾಗೇ ಬಂದುಬಿಟ್ಟಿತ್ತು. ಕೆಲವು ಓದುಗರು ಅದನ್ನೇ ಹಿಡಿದುಕೊಂಡಿದ್ದಾರೆ. ಊರಿನವರಿಗೆ ಅದೇನು ಒಲೆ ಅನ್ನೋ ಕುತೂಹಲ. ನನ್ನ ಹಾಗೆ ಅಮೆರಿಕದ ಈಶಾನ್ಯ ಮೂಲೆಯಲ್ಲಿ ಹಿಮ ಬಾಚುತ್ತಾ ಇರುವ ಇಬ್ಬರದ್ದು ಮಾತ್ರ ನೇರ ಪ್ರಶ್ನೆ: "ದೊಡ್ಡ ಅಂಗಡೀಲಿ ಹೊರದೇಶದಿಂದ ಬಂದ ಅಗ್ಗದ್ದು ಇದೆ. ಒಲೆ ಅಂಗಡೀಲಿ ಇಲ್ಲೇ ಮಾಡಿದ ದುಬಾರಿ ಒಲೆ ಇದೆ. ನೀವು ಯಾವುದು ತಗೊಂಡ್ರಿ, ಯಾಕೆ?" ಯಾವುದು ಅನ್ನೋದಕ್ಕೆ ಒಂದು ಪದ ಸಾಕು. ಯಾಕೆ ಅನ್ನೋದಕ್ಕೆ ಈ ತಿಂಗಳ ಅಂಕಣವೇ ಬೇಕು.

ಮೊದಲು ಗೊತ್ತಿಲ್ಲದವರಿಗೆ. ಸಾಮಿಲ್ಲಿನ ಮರದ ಹೊಟ್ಟು ನೋಡಿದ್ದೀರಲ್ಲ, ಅದನ್ನು ಒಣಗಿಸಿ, ಬಿಸಿಯಲ್ಲಿ ಜೋರಾಗಿ ಒತ್ತಿ ಸಣ್ಣ ತೂತುಗಳಿಂದ ಹೊರಗೆ ತಳ್ಳಿದರೆ ಕೋಳಿಗೆ ಹಾಕುವ ಫೀಡಿನ ಥರ ಗುಳಿಗೆ ಬರುತ್ತದೆ. ಅದೇ ಪೆಲೆಟ್. ದಪ್ಪ ಸುಮಾರು 6 ಮಿಲಿಮೀಟರ್. ಬೇರೆ ಅಂಟು ಬೇಡ, ಮರದಲ್ಲೇ ಇರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ ಕಚ್ಚಿಕೊಳ್ಳುತ್ತದೆ. ತೀರ್ಥಹಳ್ಳಿಯ ನಮ್ಮನೆಯಲ್ಲಿ ಹೊಟ್ಟಿನ ಒಲೆ ಇತ್ತು. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎತ್ತಿದರೆ ಗಾಳಿಗೆ ದಾರಿ ಆಗುತ್ತಿತ್ತು. ಒಂದು ಸಲ ಹಚ್ಚಿದರೆ ಮಧ್ಯಾಹ್ನದ ತನಕ ತಣ್ಣಗೆ ಉರಿಯೋದು. ಪೆಲೆಟ್ ಒಲೆ ಅಂದರೆ ಅದರದ್ದೇ ಎಂಜಿನಿಯರಿಂಗ್ ಓದಿದ ಮೊಮ್ಮಗ. ಮೇಲಿನ ಡಬ್ಬಿಗೆ ಒಂದು ಚೀಲ ಸುರಿದು ಬಟನ್ ಒತ್ತಿದರೆ ಒಳಗಿನ ಸುರುಳಿ ತಿರುಗಿ ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ. ಒಂದು ಫ್ಯಾನು ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುತ್ತದೆ, ಇನ್ನೊಂದು ಫ್ಯಾನು ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ. ಬೆಂಕಿ ಹಚ್ಚಲಿಕ್ಕೂ ಕಡ್ಡಿಪೆಟ್ಟಿಗೆ ಬೇಡ. ಮನೆಬಳಕೆಗೆ ಇದನ್ನು 1980ರ ದಶಕದಲ್ಲಿ ರೂಪಿಸಿದವರಲ್ಲಿ ಮುಖ್ಯರು ಜೆರ್ರಿ ವಿಟ್‌ಫೀಲ್ಡ್ ಎಂಬ ಎಂಜಿನಿಯರ್. ವಿಮಾನದ ಕೆಲಸ ಮಾಡಿದವರು ಒಲೆಗೆ ಬಂದರು ಅಂತ ನಮ್ಮವರಿಗೆ ಆ ವಿಷಯದಲ್ಲಿ ಬಹಳ ಅಭಿಮಾನ.

ನಾವಿರೋದು ನ್ಯೂ ಹ್ಯಾಂಪ್‌ಶೈರಿನ ಒಂದು ಸಣ್ಣ ಊರಲ್ಲಿ. ನವೆಂಬರಿನಿಂದ ಏಪ್ರಿಲ್ ತನಕ ಮನೆ ಕಾಯಿಸಲೇಬೇಕು. ಜನವರಿ ರಾತ್ರಿ ಮೈನಸ್ 20 ಡಿಗ್ರಿ ಆಗೋದು ದೊಡ್ಡ ಸುದ್ದಿಯೇನಲ್ಲ. ಇಲ್ಲಿ ಬಹಳ ಮನೆಗಳ ಹಾಗೆ ನಮ್ಮಲ್ಲೂ ನೆಲಮಾಳಿಗೆಯಲ್ಲಿ ಎಣ್ಣೆಯ ಟ್ಯಾಂಕು, ಫರ್ನೇಸು. 2022ರಲ್ಲಿ ಆ ಎಣ್ಣೆ ಗ್ಯಾಲನ್ನಿಗೆ 5 ಡಾಲರ್ ದಾಟಿದಾಗ ಊರಿಗೆ ಊರೇ ಒಲೆ ಹುಡುಕಲು ಹೊರಟಿತ್ತು. ನಮ್ಮದು ಇನ್ನೂ ಒಂದು ಕಾರಣ. ಅತ್ತೆಯ ಕೋಣೆ ಮನೆಯ ಹಿಂಭಾಗದಲ್ಲಿದೆ, ಆಮೇಲೆ ಸೇರಿಸಿ ಕಟ್ಟಿದ್ದು. ಫರ್ನೇಸಿನ ಬಿಸಿಗಾಳಿ ಅಲ್ಲಿಗೆ ತಲುಪುವ ಹೊತ್ತಿಗೆ ನಿಟ್ಟುಸಿರಿನಷ್ಟೇ ಉಳಿದಿರುತ್ತಿತ್ತು. ಅವರ ಮಂಡಿನೋವಿಗೆ ಅದು ಸಾಲುತ್ತಿರಲಿಲ್ಲ. "ಬಚ್ಚಲೊಲೆ ಮುಂದೆ ಒಂದು ಗಳಿಗೆ ಕೂತ್ರೆ ಸರಿಹೋಗ್ತಿತ್ತು ಕಣೇ" ಅಂತ ಪ್ರತಿ ಡಿಸೆಂಬರಿನಲ್ಲೂ ಹೇಳುವರು.

2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಹೀಗಿತ್ತು. ಹೊರದೇಶದ್ದು 1,800 ಡಾಲರ್, ಇಲ್ಲಿಯದ್ದು 4,800. ಕೊಳವೆ ಹಾಕಿ ಕೂರಿಸುವ ಖರ್ಚು ಯಾವುದಕ್ಕಾದರೂ 1,200. ವ್ಯತ್ಯಾಸ 3,000. ಈ ಮೂರು ಸಾವಿರಕ್ಕೆ ನಮ್ಮನೆಯಲ್ಲಿ ಆಗಲೇ ಒಂದು ಹೆಸರಿತ್ತು: ಡಿಸೆಂಬರ್ ರಜೆಗೆ ನನಗೂ ಮಗಳಿಗೂ ಬಾಸ್ಟನ್‌ನಿಂದ ಬೆಂಗಳೂರಿಗೆ ಹೋಗಿಬರುವ ಟಿಕೆಟ್ಟು. ಅಮ್ಮನಿಗೆ 79. ಎರಡು ವರ್ಷದಿಂದ ಹೋಗಿರಲಿಲ್ಲ. ಫೋನಿನಲ್ಲಿ "ಬರ್ತೀಯಾ?" ಅಂತ ಅವಳು ಕೇಳೋದನ್ನು ನಿಲ್ಲಿಸಿದ್ದಳು. ಕೇಳುವುದಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ನಮ್ಮವರು ಎಕ್ಸೆಲ್ ತೆರೆದರು. ಒಂದು ಟನ್ ಪೆಲೆಟ್ ಅಂದರೆ ಇಲ್ಲಿಯ ಲೆಕ್ಕದಲ್ಲಿ 2,000 ಪೌಂಡು, ಅಂದರೆ 40 ಪೌಂಡಿನ 50 ಚೀಲ. ಒಂದು ಚೀಲ ನಮ್ಮ 18 ಕೆಜಿ. ಒಂದು ಟನ್ನಿನ ಶಾಖ ಸುಮಾರು 120 ಗ್ಯಾಲನ್ ಎಣ್ಣೆಗೆ ಸಮ. ನಮಗೆ ಸಿಕ್ಕ ಬೆಲೆ ಟನ್ನಿಗೆ 350 ಡಾಲರ್. ಎಣ್ಣೆ 5 ಡಾಲರ್ ಇದ್ದರೆ 120 ಗ್ಯಾಲನ್ನಿಗೆ 600, ಅಂದರೆ ಉಳಿತಾಯ ಭರ್ಜರಿ. ಆದರೆ ಎಣ್ಣೆ ಮೂರೂವರೆಗೆ ಇಳಿದರೆ ಅದೇ 120 ಗ್ಯಾಲನ್ನಿಗೆ 420. ಉಳಿಯೋದು ಟನ್ನಿಗೆ ಬರೀ 70. ವರ್ಷಕ್ಕೆ ಮೂರು ಟನ್ ಸುಟ್ಟರೂ 210 ಡಾಲರ್, ಚೀಲ ಹೊತ್ತ ಬೆನ್ನಿಗೆ ಕೂಲಿ ಬೇರೆ. ಪೆಲೆಟ್ ಒಲೆ ಕೊಂಡರೆ ದುಡ್ಡು ಸುರಿಯುತ್ತೆ ಅನ್ನೋ ಮಾತನ್ನು ನಂಬಬೇಡಿ. ನಿಜವಾದ ಉಳಿತಾಯ ಬೇರೆ ಕಡೆ ಇದೆ. ಇಡೀ ಮನೆ ಕಾಯಿಸುವ ಬದಲು ಜನ ಕೂರುವ ಕೋಣೆ ಮಾತ್ರ ಬೆಚ್ಚಗಿಟ್ಟು, ಮಹಡಿಯನ್ನು ಸ್ವಲ್ಪ ತಣ್ಣಗೆ ಬಿಟ್ಟರೆ ಲಾಭ.

ಎರಡು ಒಲೆಗಳ ದಕ್ಷತೆಯಲ್ಲೂ ವ್ಯತ್ಯಾಸ ಇತ್ತು. ಅಗ್ಗದ್ದು ಶೇ. 70, ದುಬಾರಿಯದ್ದು ಶೇ. 78. ಕೇಳಲಿಕ್ಕೆ ದೊಡ್ಡದು. ಪೆಲೆಟ್ಟಿಗೆ ಇಳಿಸಿದರೆ ವರ್ಷಕ್ಕೆ ಸುಮಾರು 110 ಡಾಲರ್. "ಮೂರು ಸಾವಿರ ವಾಪಸ್ ಬರಲಿಕ್ಕೆ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಬೇಕು" ಅಂದರು ಇವರು. ಒಲೆಯೇ ಅಷ್ಟು ದಿನ ಬಾಳುತ್ತೋ ಇಲ್ಲವೋ.

ಆದರೆ ಆಗ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ ಒಂದಿತ್ತು. ದಕ್ಷತೆ ಶೇ. 75 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೂರಿಸುವ ಖರ್ಚೂ ಸೇರಿ ಶೇ. 30, ಗರಿಷ್ಠ 2,000 ಡಾಲರ್. ದುಬಾರಿ ಒಲೆಗೆ 1,800 ಸಿಗುವುದು, ಅಗ್ಗದ್ದಕ್ಕೆ ಸೊನ್ನೆ. ವ್ಯತ್ಯಾಸ 1,200ಕ್ಕೆ ಇಳಿಯಿತು. ಕಾಗದದ ಮೇಲೆ ಚೆಂದ! ಆದರೆ ಒಲೆಗೆ ದುಡ್ಡು ಕೊಡಬೇಕಾದ್ದು ಅಕ್ಟೋಬರಿನಲ್ಲಿ, ಟಿಕೆಟ್ಟಿಗೂ ಅದೇ ತಿಂಗಳು, ರಿಯಾಯಿತಿ ಬರೋದು ಮುಂದಿನ ವರ್ಷ ತೆರಿಗೆ ಕಟ್ಟುವಾಗ. (ಈಗ ಕೊಳ್ಳುವವರು ಗಮನಿಸಿ, ಆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದುಹೋಗಿದೆ. ಅಂಗಡಿಯ ಗೋಡೆ ಮೇಲೆ ಹಳೇ ಪೋಸ್ಟರ್ ಇದ್ದರೆ ನಂಬಬೇಡಿ.)

ಅಗ್ಗದ್ದನ್ನು ಕಳಪೆ ಅನ್ನೋದು ನ್ಯಾಯವಲ್ಲ. 2020ರ ಮೇ 15ರಿಂದ ಇಲ್ಲಿ ಮಾರುವ ಯಾವುದೇ ಹೊಸ ಪೆಲೆಟ್ ಒಲೆಯ ಹೊಗೆಯ ಕಣ ಗಂಟೆಗೆ 2 ಗ್ರಾಂ ಮೀರುವಂತಿಲ್ಲ. ಎರಡೂ ಆ ಪರೀಕ್ಷೆ ಪಾಸಾದವೇ, ಎರಡಕ್ಕೂ ಹಿಂದೆ ಚೀಟಿ ಇತ್ತು. ಇನ್ನು ಸ್ವದೇಶಿ, ವಿದೇಶಿ ಅನ್ನೋ ಅಭಿಮಾನ ನನಗೆ ತಟ್ಟಲೇ ಇಲ್ಲ. ತೀರ್ಥಹಳ್ಳಿಯವಳಿಗೆ ಎರಡೂ ಪರದೇಶಿಯೇ. ಅಲ್ಲದೆ ಅಂಗಡಿಯವರು ಇಲ್ಲಿಯ ಒಲೆಯ ಪಕ್ಕದ ಬಾಗಿಲು ತೆಗೆದು ತೋರಿಸಿದಾಗ ಒಳಗಿನ ಮೋಟಾರಿನ ಮೇಲಿದ್ದ ಚೀಟಿ ಓದಿದೆ. ಅದೂ ಸಮುದ್ರ ದಾಟಿ ಬಂದದ್ದೇ!

ಹಾಗಾದರೆ ಎಲ್ಲಿ ವ್ಯತ್ಯಾಸ? ಅದು ಗೊತ್ತಾದದ್ದು ಬಳಸುವವರ ಮನೆಗೆ ಹೋದ ಮೇಲೆ. ನ್ಯಾಶುವಾದ ಗೆಳತಿಯ ಮನೆಯಲ್ಲಿ ಅಗ್ಗದ ಒಲೆ ಮೂರು ವರ್ಷದಿಂದ ಸುಖವಾಗಿ ಉರೀತಿದೆ. ಅವಳ ಗಂಡನಿಗೆ ಸ್ಕ್ರೂಡ್ರೈವರ್ ಅಂದರೆ ಹಬ್ಬ. ಬೆಂಕಿ ಹಚ್ಚುವ ಇಗ್ನೈಟರ್ ಒಂದನ್ನು ಮೊದಲೇ ತರಿಸಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಮೇಲಾಗಿ ಅವರಿಗೆ ಗ್ಯಾಸಿನ ಹೀಟಿಂಗ್ ಇದೆ, ಒಲೆ ಶನಿವಾರ ಭಾನುವಾರದ ಸಂಭ್ರಮಕ್ಕೆ. ಇನ್ನೊಂದು ಪರಿಚಯದವರ ಮನೆಯಲ್ಲಿ ಬೇರೊಂದು ಅಗ್ಗದ ಒಲೆಯ ಕಂಟ್ರೋಲ್ ಬೋರ್ಡ್ ಜನವರಿಯಲ್ಲಿ ಹೋಯಿತು. ಕೊಂಡ ಅಂಗಡಿಯವರು "ನಾವು ಮಾರೋದಷ್ಟೇ, ಕಂಪನಿಗೆ ಫೋನ್ ಮಾಡಿ" ಅಂದರು. ಕಂಪನಿಯ ಫೋನಿನಲ್ಲಿ ಸಂಗೀತ ಕೇಳಿ ಕೇಳಿ ಅವರಿಗೆ ಬಾಯಿಪಾಠ ಆಯ್ತಂತೆ. ಬೋರ್ಡ್ ಬಂದದ್ದು ಮೂರು ವಾರಕ್ಕೆ. ಊರಿನ ಒಲೆ ರಿಪೇರಿಯವರು ತಾವು ಮಾರದ ಒಲೆಯನ್ನು ಮುಟ್ಟಲು ಒಪ್ಪಲಿಲ್ಲ.

ಒಲೆ ಅಂಗಡಿಯಲ್ಲಿ ಇನ್ನೂ ಒಂದು ಅನುಕೂಲ. ಅಲ್ಲಿ ಒಲೆ ಹಚ್ಚಿ ತೋರಿಸುತ್ತಾರೆ. ದೊಡ್ಡ ಅಂಗಡಿಯಲ್ಲಿ ಸಿಗೋದು ರಟ್ಟಿನ ಪೆಟ್ಟಿಗೆ. ಪೆಲೆಟ್ ಒಲೆಗೆ ಸದ್ದು ಇರುತ್ತೆ ಕಣ್ರೀ. ಫ್ಯಾನಿನ ಗುಂಯ್, ಗುಳಿಗೆ ಬೀಳುವ ಟಕ್ ಟಕ್. ಟಿವಿ ಪಕ್ಕದಲ್ಲಿ, ಮಲಗುವ ಕೋಣೆಯ ಹೊರಗೆ ಅದು ಆರು ತಿಂಗಳು ನಿಮ್ಮ ಜೊತೆ ಇರುತ್ತೆ. ಕೇಳದೆ ಹೇಗೆ ಕೊಳ್ಳೋದು?

ಎರಡರ ಕೈಪಿಡಿಯನ್ನೂ ತೆಗೆದು ನಾನು ಓದಿದ್ದು ಒಂದೇ ಅಧ್ಯಾಯ: ಶುಚಿ ಮಾಡುವ ಬಗ್ಗೆ. ಅಗ್ಗದ್ದರಲ್ಲಿ ಗುಳಿಗೆ ಮೇಲಿಂದ ಬೀಳುತ್ತದೆ. ಬೂದಿ ಸ್ವಲ್ಪ ಜಾಸ್ತಿ ಇರುವ ಪೆಲೆಟ್ ಹಾಕಿದರೆ ಬೆಂಕಿಯ ಬಟ್ಟಲಿನಲ್ಲಿ ಕಿಟ್ಟ ಗಟ್ಟಿಯಾಗಿ ಗಾಳಿಯ ತೂತು ಮುಚ್ಚುತ್ತೆ. ಒಲೆ ಆರಿಸಿ, ತಣಿಸಿ, ದಿನಾ ಕೆರೆಯಬೇಕು. ಇಲ್ಲಿಯದ್ದರಲ್ಲಿ ಸುರುಳಿ ಗುಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಹೊಸದು ಬಂದಂತೆ ಹಳೇ ಬೂದಿ ಅಂಚಿನಿಂದ ತಾನೇ ಕೆಳಗೆ ಬೀಳುತ್ತದೆ. ದಿನಕ್ಕೊಮ್ಮೆ ಸಣ್ಣದಾಗಿ ಕೆರೆದರೆ ಸಾಕು, ಬೂದಿ ಡಬ್ಬಿ ವಾರಗಟ್ಟಲೆ ತಡೆಯುತ್ತದೆ. ಇದು ನನ್ನ ಪಾಲಿಗೆ ನಿರ್ಣಾಯಕ ಆಯಿತು. ಇವರು ತಿಂಗಳಲ್ಲಿ ಹತ್ತು ದಿನ ಪ್ರಯಾಣದಲ್ಲಿರುತ್ತಾರೆ. ನಾನು ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುತ್ತೇನೆ. ಹಗಲು ಮನೆಯಲ್ಲಿ ಅತ್ತೆ ಒಬ್ಬರೇ. ಮಂಡಿ ಬಗ್ಗಿಸಲಾರದವರು ಒಲೆ ಮುಂದೆ ಕೂತು ಕಿಟ್ಟ ಕೆರೆಯೋದು ಉಂಟೇ? ಮಧ್ಯಾಹ್ನ ಅದು ಆರಿಹೋದರೆ ನಾನು ಬರುವ ತನಕ ಅವರು ಶಾಲು ಹೊದ್ದು ಕೂರಬೇಕು. ಒಲೆ ತರೋದೇ ಅವರಿಗಾಗಿ ಅಂದಮೇಲೆ ಅವರ ಕೈಗೆ ಕೆಲಸ ಕೊಡದ ಒಲೆಯೇ ಬೇಕು.

ಕರೆಂಟಿನ ವಿಷಯದಲ್ಲಿ ಎರಡೂ ಒಂದೇ, ಎರಡೂ ಅಸಹಾಯಕ. ಉರಿಯುವಾಗ ಸುಮಾರು 100 ವ್ಯಾಟ್, ಹಚ್ಚುವಾಗ 300ಕ್ಕೂ ಮೇಲೆ. 2008ರ ಡಿಸೆಂಬರಿನ ಐಸ್ ಬಿರುಗಾಳಿಯಲ್ಲಿ ಈ ರಾಜ್ಯದ 4 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿ, ಕೆಲವು ಕಡೆ ಬರಲು ಎರಡು ವಾರದ ಹತ್ತಿರ ಆಗಿತ್ತು. ಹಳಬರು ಈಗಲೂ ಅದನ್ನು ನೆನೆದು ಸೌದೆ ಒಲೆಯನ್ನೇ ಹೊಗಳುತ್ತಾರೆ. ಬೆಂಗಳೂರಿನಲ್ಲಿ ಮನೆಮನೆಯಲ್ಲಿ ಇರುವ ಯುಪಿಎಸ್ ಇಲ್ಲಿಯವರಿಗೆ ಹೊಸ ವಿಷಯ. ನಾನು ಅದನ್ನೇ ಹೇಳಿ ಬ್ಯಾಟರಿಯೊಂದನ್ನು ಕೂರಿಸಿಕೊಂಡೆ. ಸೈನ್ ವೇವ್ ಕೊಡುವಂಥದ್ದೇ ನೋಡಿ ತಗೊಳ್ಳಿ, ಇಲ್ಲದಿದ್ದರೆ ಮೋಟಾರು ಗೊಣಗುತ್ತೆ. ಐದಾರು ಗಂಟೆಗೆ ಮೋಸವಿಲ್ಲ.

ಕೊನೆಗೆ ಇಲ್ಲಿಯ ದುಬಾರಿ ಒಲೆಯನ್ನೇ ತಗೊಂಡೆವು. ಆದರೆ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದು. ಎಡಪಕ್ಕದ ಎನಾಮಲ್ ಮೇಲೆ ಒಂದು ಗೀರು ಇತ್ತು. ಮಲೆನಾಡಿನ ಸಂತೆಯಲ್ಲಿ ಕಲಿತ ಚೌಕಾಸಿ ಇಂಗ್ಲಿಷಿನಲ್ಲೂ ನಡೆಯುತ್ತೆ: 600 ಡಾಲರ್ ಇಳಿಸಿದರು. ಆ ಗೀರು ಗೋಡೆಯ ಕಡೆ ಬಂದಿದೆ, ಯಾರಿಗೂ ಕಾಣಲ್ಲ. ಊರಿನ ಪರವಾನಗಿ, ವಿಮೆಯವರಿಗೆ ಫೋಟೋ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಲ್ಲ ಆಯಿತು. ಇದನ್ನು ಯಾವ ಒಲೆಗೂ ತಪ್ಪಿಸಬೇಡಿ.

ಟಿಕೆಟ್ಟು ಒಂದೇ ಆಯಿತು. ಮಗಳು "ನೀನು ಹೋಗಮ್ಮ, ಅಜ್ಜೀನ ನಾನು ಬೇಸಿಗೆ ರಜೆಗೆ ನೋಡ್ತೀನಿ" ಅಂದಳು. ಹದಿನಾರರ ಹುಡುಗಿ ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೆ ಖುಷಿಗಿಂತ ಸಂಕಟವೇ ಹೆಚ್ಚಾಯಿತು. ಡಿಸೆಂಬರಿನಲ್ಲಿ ಮೂರು ವಾರ ಅಮ್ಮನ ಜೊತೆ ಇದ್ದೆ. ಇಲ್ಲಿ ಒಲೆ ನೋಡಿಕೊಂಡವರು ಇವರು ಮತ್ತು ಮಗಳು. ತೆರಿಗೆಯ ರಿಯಾಯಿತಿ ಬಂತು, ಗೀರಿನ ಬೆಲೆ ಕಳೆದಮೇಲೆ ಅದು 1,620 ಡಾಲರ್. ಮಗಳ ಜುಲೈ ಟಿಕೆಟ್ಟಿಗೆ ಅದನ್ನೇ ಎತ್ತಿಟ್ಟೆವು, ಅವಳು ಹೋಗಿ ಬಂದಳು.

ಈಗ ಎರಡು ಚಳಿಗಾಲ ಕಳೆದಿದೆ. ಒಂದು ಸಲ ಫ್ಯಾನಿನ ಗ್ಯಾಸ್ಕೆಟ್ ಸವೆದು ಹೊಗೆ ವಾಸನೆ ಬಂತು. ಫೋನ್ ಮಾಡಿದ ಮರುದಿನವೇ ಅಂಗಡಿಯವರು ಬಂದು ಹಾಕಿಕೊಟ್ಟು ಹೋದರು. ಅತ್ತೆ ಒಲೆಯ ಬೂದಿಯನ್ನು ಎಸೆಯಲು ಬಿಡೋದಿಲ್ಲ. ಪೂರ್ತಿ ಆರಿದ ಮೇಲೆ ತಗಡಿನ ಡಬ್ಬದಲ್ಲಿ ಕೂಡಿಟ್ಟು, ಬೇಸಿಗೆಯಲ್ಲಿ ಹಿತ್ತಲ ಬೆಂಡೆ ಗಿಡಕ್ಕೆ ಹಿಡಿ ಹಿಡಿಯಾಗಿ ಹಾಕುತ್ತಾರೆ. "ಪಾತ್ರೆ ತಿಕ್ಕಕ್ಕೂ ಆಗ್ತಿತ್ತು, ನಿಮಗೆ ಮೆಷಿನ್ ಇದೆಯಲ್ಲ" ಅಂತ ಒಂದು ಕೊಂಕು ಬೇರೆ.

ಕೇಳಿದ ಇಬ್ಬರಿಗೆ ಇಷ್ಟು: ಮನೆಯಲ್ಲಿ ಬೇರೆ ಹೀಟಿಂಗ್ ಚೆನ್ನಾಗಿದ್ದು, ಸ್ಕ್ರೂಡ್ರೈವರ್ ಹಿಡಿಯುವವರು ಇದ್ದರೆ ಅಗ್ಗದ್ದೇ ತಗೊಳ್ಳಿ, ಜೊತೆಗೊಂದು ಇಗ್ನೈಟರ್ ಕೂಡ. ಹಗಲು ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಇಪ್ಪತ್ತು ಮೈಲಿಯೊಳಗೆ ರಿಪೇರಿಯವರು ಯಾರಿದ್ದಾರೆ ನೋಡಿ, ಅವರು ಮಾರುವ ಒಲೆ ಕೊಳ್ಳಿ. ಪೆಲೆಟ್ ಚೀಲಗಳನ್ನು ಜೂನಿನಲ್ಲೇ ತರಿಸಿ, ಅಕ್ಟೋಬರಿನಲ್ಲಿ ಎಲ್ಲರಿಗೂ ನೆನಪಾಗುತ್ತೆ. ಚೀಲ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಪೇರಿಸಿಡಿ. ಒಂದು ತೂತಿದ್ದು ನೀರು ಹೊಕ್ಕರೆ 18 ಕೆಜಿ ಗುಳಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಸಾಮಿಲ್ಲಿನ ಹೊಟ್ಟೇ ಆಗಿರುತ್ತೆ. ನಮ್ಮ ಮೂರು ಟನ್ ಮೊನ್ನೆ ಬಂತು. ನೂರೈವತ್ತು ಚೀಲ ಗ್ಯಾರೇಜಿಗೆ ಸಾಗಿಸಿ ಇವರು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾರೆ.