ಹೇಳಿಕೊಳ್ಳಲು ನಾಚುವ ಬಾಧೆ

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಇಬ್ಬರು ಮಕ್ಕಳ ತಾಯಿ. ನಮ್ಮೊಡನೆ ಹೇಳಲು ನಾಚಿ, ಅಡಿಗೆಮನೆಯಲ್ಲಿ ನಮ್ಮ ಮನೆಯವರೊಡನೆ ತನ್ನ ಸಂಕಟವನ್ನು ತೋಡಿಕೊಂಡಳು. ವರ್ಷಗಳಿಂದ ಮಲಬದ್ಧತೆ; ಹೊಟ್ಟೆಯುಬ್ಬರ. ಭಾನುವಾರ ಹರಳೆಣ್ಣೆ ಕುಡಿಯುವಳು. ಬರಿದಾದ ಕರುಳು ಮರುದಿನ ಸುಮ್ಮನಿದ್ದರೆ ಅದನ್ನೂ ರೋಗವೆಂದೇ ಬಗೆದು ಮತ್ತೊಂದು ಜುಲಾಬು ನುಂಗುವಳು!

ನಿತ್ಯವೂ ಶೋಧನೆಯಾಗಲೇಬೇಕೆಂಬ ನಿಯಮವಿಲ್ಲವೆಂಬುದನ್ನು ವಾಚಕರು ಮೊದಲು ತಿಳಿಯಬೇಕು. ದಿನಕ್ಕೆ 3 ಬಾರಿಯಿಂದ ವಾರಕ್ಕೆ 3 ಬಾರಿಯವರೆಗೂ ಸ್ವಸ್ಥರಲ್ಲಿ ಕಂಡುಬರುವುದೇ ಆಗಿದೆ. ಅದಕ್ಕಿಂತ ಕಡಿಮೆಯಾಗಿ, ಮಲವು ಗಟ್ಟಿಯಾಗಿ, ತಿಣುಕಬೇಕಾಗಿ, ಇಂತು ತಿಂಗಳುಗಟ್ಟಲೆ ನಡೆದರೆ ಅದು ಮಲಬದ್ಧತೆ. ಹೊಟ್ಟೆನೋವು 3 ತಿಂಗಳಿಂದ ವಾರಕ್ಕೆ 1 ದಿನವಾದರೂ ಬರುತ್ತ, ಶೋಧನೆಯೊಡನೆ ಏರಿಳಿಯುತ್ತ, ಮಲದ ರೂಪವೂ ವ್ಯತ್ಯಾಸವಾಗುತ್ತಿದ್ದರೆ ವೈದ್ಯರು ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬುದನ್ನು ಶಂಕಿಸುತ್ತಾರೆ. ಅದರಲ್ಲಿ ಕರುಳಿಗೆ ಹುಣ್ಣಾಗಲಿ ಬಾವಾಗಲಿ ಕಾಣದು. ಆದುದರಿಂದ ನೋವು ಬರಿಯ ಕಲ್ಪನೆಯೆಂದು ಮನೆಯವರು ಹಂಗಿಸುವುದು ತಪ್ಪು. ಕರುಳಿಗೂ ಮಿದುಳಿಗೂ ನಡುವಣ ನರವ್ಯವಹಾರವೇ ಅಲ್ಲಿ ಕೆರಳಿರುತ್ತದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ತೊಡಗಿದ ವ್ಯತ್ಯಾಸ, ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಥೈರಾಯಿಡ್ ಕುಂದಿದರೂ, ಕಬ್ಬಿಣದ ಮಾತ್ರೆಗಳಿಂದಲೂ ಮಲಬದ್ಧತೆಯುಂಟಾಗುತ್ತದೆ. ನಮ್ಮ ಶಿಷ್ಯೆಗೆ ಇವಾವುವೂ ಇರಲಿಲ್ಲ. ಬೆಳಗಿನ ಕೆಲಸದ ಗಡಿಬಿಡಿಯಲ್ಲಿ ಬಂದ ವೇಗವನ್ನು ತಡೆಯುವುದು ಮಾತ್ರ ಅವಳಿಗೆ ಬಾಲ್ಯದಿಂದ ರೂಢಿ. ಹೀಗೆ ತಡೆದ ಮಲವು ನೀರಾರಿ ಗಟ್ಟಿಯಾಗುತ್ತದೆ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ 4ನೆಯ ಅಧ್ಯಾಯವನ್ನು ವೇಗಗಳನ್ನು ತಡೆಯಬಾರದೆಂಬ ವಿಚಾರದಿಂದಲೇ ತೊಡಗುತ್ತಾನೆ. ಅದನ್ನು ಬಾಯಿಪಾಠ ಮಾಡಿದ್ದ ನಾವೇ, ತರಗತಿಯಲ್ಲಿ ಕೈಯೆತ್ತಿದ ಮಕ್ಕಳಿಗೆ "ಗಂಟೆ ಬಾರಿಸಲಿ, ಕೂತುಕೋ" ಎಂದು ಗದರಿಸಿದವರು. ಅವಳು ಅದನ್ನು ಎತ್ತಿ ಆಡಲಿಲ್ಲ. ನಮಗೇ ನೆನಪಾಯಿತು.

ವೈದ್ಯರು ಹೇಳಿದ ಉಪಾಯವು ಸುಲಭವಾದುದೇ. ಬೆಳಗಿನ ಉಪಾಹಾರವಾದೊಡನೆ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ; ಆ ಹೊತ್ತಿನಲ್ಲಿ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಬೇಕು. ಎತ್ತರದ ಪೀಠವಾದರೆ ಕಾಲ ಕೆಳಗೆ ಮಣೆಯಿರಲಿ. ಇಸಬಗೋಲನ್ನು ಒಂದು ಚಮಚದಿಂದ ಆರಂಭಿಸಿ ತುಂಬ ನೀರಿನೊಡನೆ ಕುಡಿಯಬೇಕು. ನೀರು ಸಾಲದಿದ್ದರೆ ಅದು ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳುವ ಅಪಾಯವುಂಟು. ಗೋಧಿತೌಡು ಕೆಲವರಿಗೆ ಉಬ್ಬರವನ್ನೇ ಹೆಚ್ಚಿಸುತ್ತದೆ. ಗುಣ ಕಾಣಲು ವಾರಗಳು ಬೇಕು. ಅಷ್ಟರಿಂದಲೂ ಆಗದಿದ್ದರೆ ಬೇರೆ ಔಷಧಗಳಿವೆ. ಅವನ್ನು ವೈದ್ಯರೇ ಗೊತ್ತುಮಾಡಲಿ.

ಅವಳೀಗ ಬೆಳಿಗ್ಗೆ ಮಕ್ಕಳ ತಿಂಡಿಯ ಡಬ್ಬಿ ತುಂಬುವ ಕೆಲಸವನ್ನು ಪತಿಗೆ ಒಪ್ಪಿಸಿದ್ದಾಳಂತೆ.